ಅಂಗವಿಕಲರೂ ಲೋಕಸೇವೆಯೂ

ಹೆಸರು ಬದಲಾದ ಮಾತ್ರಕ್ಕೆ ಹಣೆಯಬರಹವೂ ಬದಲಾಗುವುದಾಗಿದ್ದರೆ ಕನ್ನಡನಾಡಿನ ಅಂಗವಿಕಲರಷ್ಟು ಭಾಗ್ಯಶಾಲಿಗಳು ಮತ್ತಾರೂ ಇರುತ್ತಿರಲಿಲ್ಲ. ಕುಂಟ, ಕುರುಡ, ಮೂಗ, ಹೆಳವ ಎಂಬ ಮಾತುಗಳು ಅಗೌರವದವೆಂದು ಶಿಷ್ಟರು ಅವನ್ನು ಕೈಬಿಟ್ಟು 'ಅಂಗವಿಕಲ'ರೆಂದರು. ಅದೂ ಸಾಲದೆಂದು 'ವಿಕಲಚೇತನ'ರೆಂದಾಯಿತು. ಅನಂತರ 'ವಿಶೇಷಚೇತನ'ರೆಂಬ ಹೆಸರು ಬಂದಿತು; ಈಚೆಗೆ ದೆಹಲಿಯ ಕಡೆಯಿಂದ 'ದಿವ್ಯಾಂಗ'ರೆಂಬುದೂ ಇಳಿದು ಬಂದಿದೆ. ಪದಗಳು ಇಷ್ಟು ಮೆಟ್ಟಿಲುಗಳನ್ನು ಹತ್ತಿದುವು. ಆದರೆ ಸಭೆಯಲ್ಲಿ ಅವರಿಗೆಂದು ಹಾಕುವ ಕುರ್ಚಿ ಮಾತ್ರ ಮೊದಲು ಎಲ್ಲಿತ್ತೋ ಇಂದಿಗೂ ಅಲ್ಲಿಯೇ ಇದೆ. ಅದು ಪಡೆಯುವವರ ಸಾಲಿನ ಕುರ್ಚಿ. ಕೊಡುವವರ ಸಾಲಿಗೆ ಅದನ್ನು ಸರಿಸಬೇಕೆಂಬ ಯೋಚನೆ ಯಾರಿಗೂ ಬಂದಂತೆ ಕಾಣುವುದಿಲ್ಲ.

ಪ್ರತಿ ವರ್ಷವೂ ಡಿಸೆಂಬರ್ 3ನೆಯ ತಾರೀಖಿನಂದು ಅಂಗವಿಕಲರ ದಿನಾಚರಣೆ ನಡೆಯುತ್ತದೆ. ವಿಶ್ವಸಂಸ್ಥೆಯವರು 1992ರಲ್ಲಿ ಗೊತ್ತುಮಾಡಿದ ದಿನವಿದು. ಅಂದು ಊರೂರಿನಲ್ಲಿಯೂ ಕಾಣುವ ದೃಶ್ಯವು ಹೆಚ್ಚುಕಡಮೆ ಒಂದೇ. ತ್ರಿಚಕ್ರ ವಾಹನಗಳ ವಿತರಣೆಯಾಗುತ್ತದೆ, ಭಾಷಣಗಳಾಗುತ್ತವೆ, ಹಣ್ಣುಹಂಪಲು ಹಂಚಿ ಭಾವಚಿತ್ರವನ್ನು ತೆಗೆಯುತ್ತಾರೆ. ಇವಾವುವೂ ಕೆಟ್ಟವಲ್ಲ, ಗಾಲಿಕುರ್ಚಿಯಿಲ್ಲದವನಿಗೆ ಗಾಲಿಕುರ್ಚಿ ದೊರೆಯಲೇಬೇಕು. ಆದರೆ ಆ ಸಭೆಯ ಸ್ವಾಗತ ಸಮಿತಿಯಲ್ಲಿ ಅಂಗವಿಕಲರೆಷ್ಟು ಮಂದಿ? ಲೆಕ್ಕ ಬರೆದವರಲ್ಲಿ, ಆಮಂತ್ರಣ ಹಂಚಿದವರಲ್ಲಿ, ನಿರೂಪಣೆ ಮಾಡಿದವರಲ್ಲಿ ಅವರೆಷ್ಟು? ತಮ್ಮದೇ ಹೆಸರಿನ ದಿನದಲ್ಲಿಯೂ ಅತಿಥಿಗಳಾಗಿ ಕುಳಿತು ಎದ್ದುಹೋಗತಕ್ಕವರು ಮಿಕ್ಕ 364 ದಿನಗಳಲ್ಲಿ ಊರಿನ ಕೆಲಸಕ್ಕೆ ಕರೆಯಿಸಿಕೊಳ್ಳುವರೆಂದು ನಂಬುವುದೆಂತು?

ಆದುದರಿಂದ ಸಕಲೇಶಪುರ ಮತ್ತು ಆಲೂರು ಸೀಮೆಯ ಸಂಘಸಂಸ್ಥೆಗಳವರ ಮುಂದೆ ಇಡತಕ್ಕ ಮಾತು ಒಂದೇ. ಅಂಗವಿಕಲರ ಹೆಸರುಗಳನ್ನು ಫಲಾನುಭವಿಗಳ ಪಟ್ಟಿಯಲ್ಲಿ ಮಾತ್ರವಲ್ಲದೆ ಸ್ವಯಂಸೇವಕರ ಪಟ್ಟಿಯಲ್ಲಿಯೂ ಬರೆಯಿರಿ. ಲೋಕಸೇವೆಯೆಂಬುದು ಆರೋಗ್ಯವಂತರ ಏಕಸ್ವಾಮ್ಯವಲ್ಲ. ಸೇವೆ ಪಡೆಯುವುದು ಹೇಗೆ ಒಂದು ಹಕ್ಕೋ ಸೇವೆ ಮಾಡುವುದೂ ಹಾಗೆಯೇ ಒಂದು ಹಕ್ಕು. ವಿಶ್ವಸಂಸ್ಥೆಯವರು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಸಾರ್ವಜನಿಕ ಜೀವನಕ್ಕೆ ಸಂಬಂಧಪಟ್ಟ ಸಂಘಸಂಸ್ಥೆಗಳಲ್ಲಿ ಇವರು ಇತರರಿಗೆ ಸಮಾನರಾಗಿ ಪಾಲ್ಗೊಳ್ಳಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. 2007ರಲ್ಲಿ ಭಾರತವು ಅದನ್ನು ಒಪ್ಪಿ ರುಜುಮಾಡಿದೆ. ಒಡಂಬಡಿಕೆಗೆ ಸರ್ಕಾರ ರುಜು ಹಾಕಬಲ್ಲುದು. ಸಂಘದ ಬಾಗಿಲನ್ನು ತೆರೆಯಬೇಕಾದವರು ಸಂಘದವರೇ.

ಇದು ಬೆರಳೆಣಿಕೆಯ ಜನರ ಮಾತೆಂದು ಯಾರೂ ಉಪೇಕ್ಷಿಸಲಾಗದು. 2011ರ ಜನಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೆ ಮೇಲ್ಪಟ್ಟು ಇದ್ದರು. ದೇಶದ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಸುಮಾರು 69 ಮಂದಿ ಹಳ್ಳಿಗರು. ಆ ಗಣತಿಯಾದ ಮೇಲೆ ಕಾನೂನಿನ ವ್ಯಾಪ್ತಿಯೇ ವಿಸ್ತಾರವಾಗಿದೆ. 1995ರ ಕಾಯಿದೆಯು 7 ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿದ್ದರೆ 2016ರ ಕಾಯಿದೆಯು 21 ಬಗೆಗಳನ್ನು ಗಣಿಸುತ್ತದೆ. ಇಂದು ಎಣಿಸಿದರೆ ಸಂಖ್ಯೆಯು ಹೆಚ್ಚೀತೇ ಹೊರತು ಕಡಮೆಯಾಗದು. ಇಷ್ಟು ಜನರ ಬುದ್ಧಿ, ವಿರಾಮ, ಅನುಭವಗಳನ್ನು ಮನೆಯ ಜಗಲಿಯ ಮೇಲೆ ವ್ಯರ್ಥವಾಗಿ ಕೂರಿಸಿಟ್ಟು, 'ಊರ ಕೆಲಸಕ್ಕೆ ಜನರೇ ಸಿಕ್ಕುವುದಿಲ್ಲ' ಎಂದು ಗೊಣಗುವುದು ಎಂಥ ವಿವೇಕ?

ಮಲೆನಾಡಿನ ಸ್ಥಿತಿಯನ್ನು ಇಲ್ಲಿ ಬೇರೆಯಾಗಿ ವಿಚಾರಿಸಬೇಕು. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಗುಂಪು. ಕಾಲಿಲ್ಲದವನೂ ಬಾಗಿಲಲ್ಲಿ ಕುಳಿತರೆ ನಾಲ್ಕು ಜನರ ಮುಖವನ್ನು ಕಾಣುತ್ತಾನೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆಗಳಲ್ಲಿ ಹಾಗಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ತೋಟ, ಒಂದು ಹಳ್ಳ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಗಟ್ಟಿ ಕಾಲಿನವರೇ ಕಾಲುಸಂಕವನ್ನು ದಾಟಲು ಹಿಂಜರಿಯುತ್ತಾರೆ. ಊರುಗೋಲಿನವನ ಪಾಡನ್ನು ಹೇಳಬೇಕಾದುದಿಲ್ಲ. ಅಷ್ಟೇ ಅಲ್ಲ, ಇಲ್ಲಿಯ ಜೀವನೋಪಾಯಗಳೇ ವೈಕಲ್ಯಕ್ಕೆ ಕಾರಣವಾಗುವುದೂ ಉಂಟು. ನೆರಳುಮರದ ಕೊಂಬೆ ಸವರುವಾಗ ಬಿದ್ದು ಬೆನ್ನು ಮುರಿದುಕೊಂಡವನು, ಮೆಣಸು ಕೊಯ್ಯುವ ಏಣಿಯಿಂದ ಜಾರಿದವನು, ಕಾಡಾನೆಯ ಕಾಲಿಗೆ ಸಿಕ್ಕು ಬದುಕಿ ಉಳಿದವನು, ಇಂಥವರು ಹುಟ್ಟಿನಿಂದ ಅಂಗವಿಕಲರಲ್ಲ. ನಿನ್ನೆಯವರೆಗೆ ಹತ್ತು ಆಳುಗಳಿಗೆ ಕೆಲಸ ಹೇಳಿಕೊಡುತ್ತಿದ್ದವನು ಇಂದು ಮಂಚದ ಮೇಲೆ ಮಲಗಿದ್ದರೆ ಅವನ ಕಾಲು ಹೋಯಿತೇ ಹೊರತು ತೋಟದ ವಿದ್ಯೆ ಹೋಗಲಿಲ್ಲ. ಆ ವಿದ್ಯೆಯನ್ನು ಕೇಳಲು ಯಾರೂ ಬಾರದಿರುವುದೇ ಅವನ ನಿಜವಾದ ವೈಕಲ್ಯ.

ಪೂರ್ವಿಕರು ಈ ವಿಷಯದಲ್ಲಿ ಎಲ್ಲ ಕಡೆಯೂ ನ್ಯಾಯವಾಗಿ ನಡೆದುಕೊಂಡರೆಂದಲ್ಲ. ಆದರೂ ಕನ್ನಡ ಸಮಾಜದ ನೆನಪಿನಲ್ಲಿ ಒಂದು ಒಳ್ಳೆಯ ಮೇಲ್ಪಂಕ್ತಿಯಿದೆ. ಎತ್ತಿನ ಮೇಲೆ ಕುಳಿತು ಒಕ್ಕಲು ಮನೆಗಳಿಗೆ ಬಂದು, ಆಯಾ ಮನೆತನದ ವಂಶಾವಳಿಯನ್ನು ಹೇಳುವ ಹೆಳವರನ್ನು ಬಲ್ಲವರು ಬಲ್ಲರು. 'ಹೆಳವ'ನೆಂದರೆ ಕಾಲಿಲ್ಲದವನು, ಆ ಕುಲದ ಮೂಲಪುರುಷನು ಕಾಲಿಲ್ಲದವನಾಗಿದ್ದನೆಂದು ಅವರ ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ಹಾಗಿರಲಿ, ಅದರ ತಾತ್ಪರ್ಯವನ್ನು ನೋಡಬೇಕು. ಕಾಲಿಲ್ಲದವನಿಗೆ ಬರಿಯ ಭಿಕ್ಷೆಯನ್ನು ಹಾಕಿ ಕಳುಹದೆ, ಸಂಚರಿಸಲು ಎತ್ತನ್ನು ಒದಗಿಸಿ, ಊರಿನ ನೆನಪನ್ನೇ ಅವನ ವಶಕ್ಕೆ ಒಪ್ಪಿಸಿದ ಕಥೆಯದು. ಇಂದಿನ ಶಾಸ್ತ್ರಜ್ಞರು 'ಸೌಕರ್ಯ' ಮತ್ತು 'ಅವಕಾಶ'ವೆಂದು ಎರಡು ಮಾತುಗಳಲ್ಲಿ ಹೇಳುವುದೆಲ್ಲ ಆ ಎತ್ತಿನಲ್ಲಿಯೂ ಆ ವಂಶಾವಳಿಯಲ್ಲಿಯೂ ಇದೆ. ಎಂಟು ಕಡೆ ಡೊಂಕಾದ ಅಷ್ಟಾವಕ್ರನು ಜನಕನ ಸಭೆಗೆ ಹೋದದ್ದು ಬೇಡುವುದಕ್ಕಲ್ಲ, ವಾದಿಸುವುದಕ್ಕೆ. ಕುರುಡನ ಹೆಗಲೇರಿದ ಹೆಳವನು ದಾರಿ ತೋರಿದನೆಂಬ ಅಂಧಪಂಗುನ್ಯಾಯವು ಶಾಸ್ತ್ರಗ್ರಂಥಗಳಲ್ಲಿ ಪ್ರಸಿದ್ಧವೇ. ಕಾಯಕವನ್ನೂ ದಾಸೋಹವನ್ನೂ ಸಾರಿದ ಶರಣರ ನಾಡಿನಲ್ಲಿ, ಕೆಲವರಿಗೆ ಕಾಯಕವೇ ಬೇಡ, ದಾಸೋಹದ ಎಲೆಯ ಮುಂದೆ ಕುಳಿತರೆ ಸಾಕೆಂಬ ನಿಯಮವು ಎಲ್ಲಿಂದ ಬಂದಿತು?

ಈ ಕಾಲದ ನಿದರ್ಶನಗಳಿಗೂ ಕೊರತೆಯಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರ ಗವಾಯಿಗಳು ಅಂಧರು. 1944ರಲ್ಲಿ ಅವರು ಕಾಲವಾದ ಮೇಲೆ ಆ ಭಾರವನ್ನು ಹೊತ್ತು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಅಂಧರಿಗೂ ಅನಾಥರಿಗೂ ಅನ್ನವನ್ನಿಟ್ಟು ಸಂಗೀತವನ್ನು ಕಲಿಸಿದ ಆ ಮನೆಯಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಕಣ್ಣಿರುವ ನಾಡೇ ಅಲ್ಲಿ ಪಡೆಯುವ ಸ್ಥಾನದಲ್ಲಿ ನಿಂತಿತು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ಸ್ವತಃ ಗಾಲಿಕುರ್ಚಿಯನ್ನು ಅವಲಂಬಿಸಿದವರು. 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು ಆರಂಭಿಸಿದವರು ದೃಷ್ಟಿಯಿಲ್ಲದ ಮಹಾಂತೇಶರು ಮತ್ತು ಅವರ ಮಿತ್ರರು. ಕ್ರೀಡೆಯಲ್ಲಿ ಕೀರ್ತಿ ಪಡೆದ ಮಾಲತಿ ಹೊಳ್ಳ ಅವರು ಪದಕಗಳನ್ನು ಗೂಡಿನಲ್ಲಿಟ್ಟು ಸುಮ್ಮನೆ ಕೂರದೆ ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನವನ್ನು ಕಟ್ಟಿದರು. ಹೊರಗಿನ ಲೋಕದಲ್ಲಿ, ಅಂಧರಿಗೆ ಓದು ಬರಹವನ್ನು ದೊರಕಿಸಿದ ಲಿಪಿಯನ್ನು 1829ರಲ್ಲಿ ಪ್ರಕಟಿಸಿದ ಲೂಯಿ ಬ್ರೈಲನು ಅಂಧನೇ. ತಾನು ಕಲಿತ ಶಾಲೆಯಲ್ಲಿಯೇ ಅವನು ಉಪಾಧ್ಯಾಯನಾದನು. ಗಣಕಯಂತ್ರದ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ 'ಎನ್‌ವಿಡಿಎ' ಎಂಬ ತಂತ್ರಾಂಶವನ್ನು 2006ರಿಂದೀಚೆಗೆ ರಚಿಸಿ ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟವರು ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು. ಇಂದು ಅದು ಕನ್ನಡವನ್ನೂ ಓದುತ್ತದೆ.

ಹಾಸನ ಜಿಲ್ಲೆಯವರಿಗಂತೂ ಮನೆಯ ನಿದರ್ಶನಗಳೇ ಇವೆ. 2012ರಲ್ಲಿ ಲಂಡನ್ನಿನ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರು ಎತ್ತರವನ್ನು ಜಿಗಿದು ಬೆಳ್ಳಿಯ ಪದಕವನ್ನು ತಂದ ಗಿರೀಶ ನಾಗರಾಜೇಗೌಡರು ಈ ಜಿಲ್ಲೆಯವರು. ಟೋಕಿಯೋ ಮತ್ತು ಪ್ಯಾರಿಸ್ ನಗರಗಳ ಪಂದ್ಯಗಳೆರಡರಲ್ಲಿಯೂ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿಯನ್ನು ಗೆದ್ದು, ಉತ್ತರಪ್ರದೇಶದಲ್ಲಿ ಜಿಲ್ಲಾಧಿಕಾರಿಯ ಪದವಿಯನ್ನೂ ನಿರ್ವಹಿಸಿದ ಸುಹಾಸರು ಹುಟ್ಟಿದ್ದು ಹಾಸನದಲ್ಲಿ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪದಕ ಗೆದ್ದವರಿಗೆ ಹಾರ ಹಾಕಿ, ಪಕ್ಕದ ಮನೆಯ ಹುಡುಗಿಯನ್ನು ಅಡಿಗೆಮನೆಯ ಮೂಲೆಯಲ್ಲಿಯೇ ಬಿಡುವುದು ಒಂದು ಬಗೆಯ ಆತ್ಮವಂಚನೆ. ಆರೋಗ್ಯವಂತರಲ್ಲಿ ಎಲ್ಲರೂ ಸಾಹಸಿಗಳಾಗಬೇಕೆಂದು ಯಾರೂ ಕೇಳುವುದಿಲ್ಲ. ಸಾಧಾರಣ ಮನುಷ್ಯನಿಗೂ ಸಂಘದಲ್ಲಿ ಒಂದು ಸ್ಥಾನ, ಒಂದು ಕೆಲಸ, ಒಂದು ಮಾತು ಉಂಟು. ಸಾಧಾರಣನಾದ ಅಂಗವಿಕಲನಿಗೂ ಅಷ್ಟೇ ಬೇಕಾದುದು.

ಸೇವೆಯಿಂದ ಸೇವೆ ಮಾಡುವವನಿಗೆ ಬರುವ ಲಾಭಗಳೇನೆಂಬುದನ್ನು ನೋಡಿದರೆ, ಮೊದಲನೆಯದು ಪರಿಚಯ. ಮನೆಯವರಲ್ಲದ ಹತ್ತು ಜನರು ತನ್ನ ಹೆಸರನ್ನು ಹಿಡಿದು ಕರೆಯುವಂತಾಗುವುದು ಸಣ್ಣ ಮಾತಲ್ಲ. ಮುಂದೆ ಉದ್ಯೋಗದ ಸುದ್ದಿ ಬರುವುದೂ ಅಂಥ ಪರಿಚಯದ ಬಾಯಿಂದಲೇ. ಎರಡನೆಯದು ಅಭ್ಯಾಸ. ವಾರಕ್ಕೆ ಎರಡು ದಿನ ಗೊತ್ತಾದ ಹೊತ್ತಿಗೆ ಗೊತ್ತಾದ ಕೆಲಸವನ್ನು ಮುಗಿಸುವುದರಿಂದ ದಿನಚರಿಗೆ ಕಟ್ಟುನಿಟ್ಟು ಬರುತ್ತದೆ, ಕೈಗೆ ವಿದ್ಯೆ ಹತ್ತುತ್ತದೆ, ಅನುಭವಕ್ಕೆ ಪ್ರಮಾಣಪತ್ರವೊಂದು ಸಿಕ್ಕುತ್ತದೆ. ಮೂರನೆಯದು ಎಲ್ಲಕ್ಕಿಂತಲೂ ಹಿರಿದು: ತನ್ನಿಂದ ಇನ್ನೊಬ್ಬರಿಗೆ ಪ್ರಯೋಜನವಾಯಿತೆಂಬ ಭಾವನೆ. ಹುಟ್ಟಿದಂದಿನಿಂದ 'ಪಾಪ' ಎಂಬ ಮಾತನ್ನೇ ಕೇಳಿ ಬೆಳೆದವನಿಗೆ 'ನಿಮ್ಮಿಂದ ಉಪಕಾರವಾಯಿತು' ಎಂಬ ಮಾತು ಔಷಧಕ್ಕಿಂತ ಮೇಲು. ನೋಡುವವರಿಗೂ ಲಾಭವಿದೆ. ಗ್ರಂಥಾಲಯದ ಮೇಜಿನ ಹಿಂದೆ ಗಾಲಿಕುರ್ಚಿಯಲ್ಲಿ ಕುಳಿತವನಿಂದ ಪುಸ್ತಕವನ್ನು ಪಡೆದು ಬೆಳೆದ ಮಗುವು ಮುಂದೆ ಅಧಿಕಾರಿಯಾದರೆ, ಮೆಟ್ಟಿಲಿಗೆ ಇಳಿಜಾರು ಹಾಕಿಸಲು ಅದಕ್ಕೆ ಯಾವ ಆಜ್ಞಾಪತ್ರವೂ ಬೇಕಾಗುವುದಿಲ್ಲ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಕನಿಕರವುಳ್ಳ ಕೆಲವರು, 'ಅವರಿಗೆ ಅವರ ಕಷ್ಟವೇ ಸಾಕಷ್ಟಿದೆ. ಊರಿನ ಭಾರವನ್ನೂ ಹೊರಿಸುವುದು ಕ್ರೌರ್ಯವಲ್ಲವೇ?' ಎನ್ನುತ್ತಾರೆ. ಹೊರಿಸಬೇಕೆಂದು ಯಾರೂ ಹೇಳಿಲ್ಲ. ಕೇಳಬೇಕೆಂದು ಮಾತ್ರ ಹೇಳಿದೆ. ಬೇಡವೆನ್ನುವ ಸ್ವಾತಂತ್ರ್ಯವು ಎಲ್ಲರಂತೆ ಅವರಿಗೂ ಇದೆ. ಆದರೆ ಕೇಳದೆಯೇ ಅವರ ಪರವಾಗಿ 'ಬೇಡ' ಎಂದು ಉತ್ತರ ಹೇಳುವ ಅಧಿಕಾರವನ್ನು ಈ ಕನಿಕರಕ್ಕೆ ಕೊಟ್ಟವರಾರು? ಮತ್ತೆ ಕೆಲವರು, 'ಅವರಿಂದ ಕೆಲಸ ನಿಧಾನವಾದೀತು' ಎನ್ನುತ್ತಾರೆ. ನಿಧಾನವಾಗಬಹುದು. ಊರಿನ ಸಮಿತಿಗಳಲ್ಲಿ ಸಕಲ ಅಂಗಗಳೂ ನೆಟ್ಟಗಿರುವವರು ಮಾಡುತ್ತಿರುವ ಕೆಲಸದ ವೇಗವನ್ನು ಕಂಡವರು ಈ ಆಕ್ಷೇಪವನ್ನು ಎತ್ತಲಾರರು.

ಮೂರನೆಯ ಆಕ್ಷೇಪವು ಗಂಭೀರವಾದದ್ದು. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. 'ಅಂಗವಿಕಲರಿಗೆ ಬೇಕಾದದ್ದು ಸಂಬಳದ ಉದ್ಯೋಗ. ಸೇವೆಯ ಹೆಸರಿನಲ್ಲಿ ಅವರನ್ನು ಪುಕ್ಕಟೆಯಾಗಿ ದುಡಿಸಿಕೊಂಡು ಸರ್ಕಾರವೂ ಸಿರಿವಂತರೂ ತಮ್ಮ ಕರ್ತವ್ಯದಿಂದ ನುಣುಚಿಕೊಳ್ಳುತ್ತಾರೆ' ಎಂಬುದು ಆ ವಾದ. ಈ ಭಯಕ್ಕೆ ಆಧಾರವಿದೆ. ಗ್ರಾಮಪಂಚಾಯಿತಿಗಳಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೇ ನೋಡಬಹುದು. ಇವರು ಸ್ವತಃ ಅಂಗವಿಕಲರು. ತಮ್ಮ ಪಂಚಾಯಿತಿಯ ಅಂಗವಿಕಲರ ಮನೆಗಳಿಗೆ ಹೋಗಿ, ಗುರುತಿನ ಚೀಟಿ, ಮಾಸಾಶನ, ಸಲಕರಣೆಗಳ ವಿಷಯದಲ್ಲಿ ದಾರಿ ತೋರಿಸತಕ್ಕವರು. ಅಂಗವಿಕಲರೇ ಅಂಗವಿಕಲರಿಗೆ ನೆರವಾಗುವ ಈ ಏರ್ಪಾಡಿಗಿಂತ ಒಳ್ಳೆಯದನ್ನು ಊಹಿಸುವುದು ಕಷ್ಟ. ಆದರೆ ಅವರಿಗೆ ಸಲ್ಲುವುದು ಸಂಬಳವಲ್ಲ, 'ಗೌರವಧನ'. ವರ್ಷವಿಡೀ ಮಾಡುವ ಕೆಲಸಕ್ಕೆ ಗೌರವವೆಂದು ಹೆಸರಿಟ್ಟು ಧನವನ್ನು ಕಡಮೆ ಮಾಡುವುದು ಸೇವಾಧರ್ಮವಲ್ಲ, ಜಿಪುಣತನ. ಆದುದರಿಂದ ಸೇವೆಗೂ ಉದ್ಯೋಗಕ್ಕೂ ನಡುವೆ ಗೆರೆಯೊಂದನ್ನು ಸ್ಪಷ್ಟವಾಗಿ ಎಳೆಯಬೇಕು. ಇತರರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಅಂಗವಿಕಲರಿಂದ ಸಂಬಳವಿಲ್ಲದೆ ಮಾಡಿಸಕೂಡದು. 2016ರ ಕಾಯಿದೆಯು ಸರ್ಕಾರಿ ಉದ್ಯೋಗಗಳಲ್ಲಿ ಕಾದಿರಿಸಿರುವ ನೂರಕ್ಕೆ 4ರ ಪಾಲನ್ನು ಬಿಟ್ಟುಕೊಡಲೂ ಕೂಡದು. ಇತರರು ಸಂಬಳವಿಲ್ಲದೆ ಸಂತೋಷದಿಂದ ಮಾಡುವ ಊರ ಕೆಲಸಗಳಲ್ಲಿ, ಅಂದರೆ ಸಾಹಿತ್ಯ ಸಮ್ಮೇಳನ, ಶಾಲಾ ಸಮಿತಿ, ಗ್ರಂಥಾಲಯ, ಜಾತ್ರೆ, ಪರಿಹಾರಕಾರ್ಯ ಮುಂತಾದವುಗಳಲ್ಲಿ, ಅಂಗವಿಕಲರಿಗೂ ಪಾಲಿರಬೇಕೆಂಬುದಷ್ಟೇ ಇಲ್ಲಿಯ ವಾದ. ಆ ಪಾಲು ಉದ್ಯೋಗಕ್ಕೆ ಬದಲಿಯಲ್ಲ. ಉದ್ಯೋಗಕ್ಕೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲಾಗಬಲ್ಲುದು.

ಹಾಗಾದರೆ ಈ ಗುಡ್ಡಗಾಡಿನಲ್ಲಿ ಅವರು ಮಾಡತಕ್ಕ ಕೆಲಸವಾದರೂ ಎಲ್ಲಿದೆ? ಹುಡುಕುವ ಮನಸ್ಸಿದ್ದರೆ ಕಾಲಬಳಿಯಲ್ಲಿಯೇ ಇದೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ಜನರಿಗೆ ಕಾಡಾನೆಯ ಹಾವಳಿಯನ್ನು ವರ್ಣಿಸಬೇಕಾದುದಿಲ್ಲ. 2014ರಲ್ಲಿ ಆಲೂರಿನ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೆಯೂ ತೊಂದರೆ ನಿಂತಿಲ್ಲ. ಆನೆಗಳು ಎಲ್ಲಿವೆಯೆಂಬ ಸುದ್ದಿಯು ಮೊಬೈಲ್ ಸಂದೇಶಗಳ ಮೂಲಕ ಬರುತ್ತದೆ. ಆದರೆ ಸಂದೇಶವನ್ನು ಓದಲಾರದ ಮುದುಕರಿಗೂ, ಲೈನುಮನೆಗಳಲ್ಲಿರುವ ಕನ್ನಡ ಬಾರದ ಕೂಲಿಗಳಿಗೂ ಬೆಳಗಿನ ಜಾವದಲ್ಲಿ ಅದನ್ನು ಮುಟ್ಟಿಸುವವರಾರು? ಮನೆಯಲ್ಲಿಯೇ ಇರುವ, ದೂರವಾಣಿಯಿರುವ, ಅಕ್ಷರ ಬಲ್ಲ ಒಬ್ಬ ಅಂಗವಿಕಲನು ಇಪ್ಪತ್ತು ಮನೆಗಳಿಗೆ ಕರೆಮಾಡುವ ಹೊಣೆಯನ್ನು ಹೊತ್ತರೆ, ಒಂದು ಜೀವವಾದರೂ ಉಳಿದೀತು. ಈ ಕೆಲಸಕ್ಕೆ ಬೇಕಾದದ್ದು ಕಾಲಲ್ಲ, ಕಾಳಜಿ. ಅರಣ್ಯ ಇಲಾಖೆಯವರೂ ಬೆಳೆಗಾರರ ಸಂಘದವರೂ ಕೂಡಿ ಇಂಥ ಏರ್ಪಾಡನ್ನು ಮಾಡಬಾರದೇಕೆ?

ಗ್ರಾಮಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. ಅಲ್ಲಿ ಮಕ್ಕಳಿಗೆ ಕಥೆ ಹೇಳಲು ಕಣ್ಣು ಬೇಕಿಲ್ಲ. ಪುಸ್ತಕಗಳನ್ನು ಜೋಡಿಸಲು ಕಿವಿ ಬೇಕಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಹೆದರುವ ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳಲು, ಪದವಿ ಪಡೆದು ಮನೆಯಲ್ಲಿರುವ ಅಂಗವಿಕಲ ತರುಣಿಗಿಂತ ತಕ್ಕವರಾರು? ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದವರೂ ಜೊತೆಗೊಬ್ಬರಿದ್ದರೆ ಶಾಲೆಯ ತೋಟಕ್ಕೆ ನೀರು ಹಾಕುವುದು, ಸಸಿಯ ಚೀಲಕ್ಕೆ ಮಣ್ಣು ತುಂಬುವುದು, ಸಭೆಗೆ ಕುರ್ಚಿ ಹಾಕುವುದು ಮುಂತಾದವನ್ನು ಶ್ರದ್ಧೆಯಿಂದ ಮಾಡುತ್ತಾರೆ. ಸಾಹಿತ್ಯದ ಕೆಲಸವೂ ಕಡಮೆಯಿಲ್ಲ. ಹಲ್ಮಿಡಿಯ ಶಾಸನವನ್ನು ಕೊಟ್ಟ ಈ ಜಿಲ್ಲೆಯಲ್ಲಿ ಕಲ್ಲಿಗೆ ಏರದೆ ನಾಲಗೆಯ ಮೇಲೆ ಮಾತ್ರ ಉಳಿದಿರುವ ಗಾದೆ, ಸೋಬಾನೆ ಪದ, ಸ್ಥಳನಾಮಗಳ ಕಥೆಗಳು ಮುದುಕರೊಡನೆ ಮಣ್ಣಾಗುತ್ತಿವೆ. ಅವನ್ನು ಧ್ವನಿಮುದ್ರಿಸಿ ತಂದರೆ ಮನೆಯಲ್ಲಿ ಕುಳಿತು ಬರಹಕ್ಕಿಳಿಸಬಹುದು. ಕನ್ನಡ ವಿಕಿಪೀಡಿಯ, ವಿಕಿಸೋರ್ಸ್‌ಗಳಲ್ಲಿ ಲೇಖನ ಬರೆಯಲು, ಹಳೆಯ ಪುಸ್ತಕಗಳ ಅಚ್ಚಿನ ತಪ್ಪನ್ನು ತಿದ್ದಲು ಯಾವ ಗುಡ್ಡವನ್ನೂ ಹತ್ತಬೇಕಾದುದಿಲ್ಲ. ಹೆಳವನ ಕೈಗೆ ಊರ ನೆನಪನ್ನು ಒಪ್ಪಿಸಿದ ಐತಿಹ್ಯವು ಹೊಸ ರೂಪದಲ್ಲಿ ಮರಳುವುದೆಂದರೆ ಇದೇ.

ಅವಕಾಶವನ್ನು ಅರಸುವವರು ಮೊದಲು ವಿಚಾರಿಸಬೇಕಾದವರು ತಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು. ಅನಂತರ ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು. ಗ್ರಂಥಾಲಯದ ಮೇಲ್ವಿಚಾರಕರು, ಶಾಲೆಯ ಮುಖ್ಯೋಪಾಧ್ಯಾಯರು, ತಾಲ್ಲೂಕು ಸಾಹಿತ್ಯ ಪರಿಷತ್ತಿನವರು ಇವರ ಬಾಗಿಲುಗಳನ್ನೂ ತಟ್ಟಬೇಕು. 'ಏನಾದರೂ ಕೆಲಸ ಕೊಡಿ' ಎಂದು ಕೇಳುವುದಕ್ಕಿಂತ, 'ವಾರಕ್ಕೆ ಇಷ್ಟು ಹೊತ್ತು, ಈ ಕೆಲಸವನ್ನು, ಈ ಸೌಕರ್ಯವಿದ್ದರೆ ಮಾಡಬಲ್ಲೆ' ಎಂದು ಕೇಳುವುದು ಫಲಕಾರಿ.

ಕರೆಯುವ ಸಂಸ್ಥೆಗಳವರು ಪಾಲಿಸತಕ್ಕ ನಿಯಮಗಳೂ ಕೆಲವಿವೆ. ಬಸ್ಸಿನ ಖರ್ಚನ್ನೂ, ಬಸ್ಸಿಲ್ಲದ ಕಡೆ ಆಟೋರಿಕ್ಷಾದ ಖರ್ಚನ್ನೂ ಸಂಘವೇ ಕೊಡಬೇಕು. ಸೇವೆ ಮಾಡಲು ಬಂದವನು ಕೈಯಿಂದ ಹಣ ತೆರಬಾರದು. ಸಭೆಯನ್ನು ಮಹಡಿಯ ಮೇಲೆ ಇಡದೆ ಕೆಳಗೆ ಇಡಬೇಕು. ಶೌಚಾಲಯದ ಬಾಗಿಲು ಗಾಲಿಕುರ್ಚಿಯಷ್ಟು ಅಗಲವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮನೆಯಿಂದಲೇ ಮಾಡಬಹುದಾದ ಕೆಲಸವನ್ನೂ, ಬೇಸಿಗೆಯಲ್ಲಿ ಹೊರಗೆ ಬಂದು ಮಾಡುವ ಕೆಲಸವನ್ನೂ ಗೊತ್ತುಮಾಡಬೇಕು. ಕೆಲಸ ಕೊಟ್ಟ ಮೇಲೆ ತೀರ್ಮಾನದಲ್ಲಿಯೂ ಪಾಲು ಕೊಡಬೇಕು. ಬರಿಯ ದುಡಿಮೆಗೆ ಕರೆದು ಸಮಿತಿಯಿಂದ ಹೊರಗಿಟ್ಟರೆ ಹಳೆಯ ಕುರ್ಚಿಗೆ ಹೊಸ ಬಣ್ಣ ಹಚ್ಚಿದಂತಾಯಿತು.

ಕೊನೆಯ ಮಾತು ಗೃಹಸ್ಥರಿಗೆ ಸಲ್ಲತಕ್ಕದ್ದು. ವಿದ್ಯಾವಂತರ ಮನೆಗಳಲ್ಲಿಯೂ ಅಂಗವಿಕಲ ಮಗುವನ್ನು ನೆಂಟರಿಷ್ಟರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿಡುವುದುಂಟು. 'ಅಕ್ಕನ ಮದುವೆಗೆ ಅಡ್ಡಿಯಾದೀತು', 'ಹೊರಗೆ ದುಡಿಯುವುದನ್ನು ಕಂಡರೆ ಮಾಸಾಶನ ನಿಂತುಹೋದೀತು' ಎಂಬವು ಅಲ್ಲಿ ಕೇಳಿಬರುವ ಕಾರಣಗಳು. ಮಾಸಾಶನಕ್ಕೆ ಆಧಾರವು ವೈಕಲ್ಯದ ಪ್ರಮಾಣವೂ ಆದಾಯವೂ. ಸಂಬಳವಿಲ್ಲದ ಸೇವೆಯು ಆದಾಯವೆನಿಸುವುದೆಂತು? ಮದುವೆಯ ಮಾತಿಗೆ ಬಂದರೆ, ಒಡಹುಟ್ಟಿದವನನ್ನು ಬಚ್ಚಿಟ್ಟು ಕಟ್ಟಿದ ಸಂಬಂಧವು ಎಷ್ಟು ಗಟ್ಟಿಯೆಂಬುದನ್ನು ಹಿರಿಯರೇ ಯೋಚಿಸಬೇಕು. ತಾಯಿತಂದೆಗಳ ಪ್ರೀತಿ ದೊಡ್ಡದು. ಆದರೆ ತಾಯಿತಂದೆಗಳು ಚಿರಂಜೀವಿಗಳಲ್ಲ. ಅವರಿಲ್ಲದ ದಿನ ಆ ಮಗುವನ್ನು ನಾಲ್ಕು ಜನ ಬಲ್ಲವರಿರಬೇಕಾದರೆ, ಅವರಿರುವ ದಿನವೇ ಅದು ನಾಲ್ಕು ಜನರ ನಡುವೆ ಓಡಾಡಿ ಉಪಯುಕ್ತವೆನಿಸಿರಬೇಕು.

ಈ ಸೀಮೆಯ ಪ್ರತಿಯೊಂದು ಸಂಘವೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ಹೂವಿನ ಹಾರ, ಶಾಲುಗಳ ಲೆಕ್ಕವನ್ನು ಒಪ್ಪಿಸುವ ಮೊದಲು, ಒಂದು ಪ್ರಶ್ನೆಗೆ ಉತ್ತರವನ್ನು ಬರೆದಿಡಲಿ: ಕಳೆದ ವರ್ಷ ಎಷ್ಟು ಮಂದಿ ಅಂಗವಿಕಲರಿಗೆ ನೆರವು ಕೊಟ್ಟೆವು ಎಂದಲ್ಲ, ಎಷ್ಟು ಮಂದಿ ಅಂಗವಿಕಲರಿಂದ ನೆರವನ್ನು ಪಡೆದೆವು ಎಂದು. ಉತ್ತರವು ಸೊನ್ನೆಯಾಗಿದ್ದರೆ ಆ ವೈಕಲ್ಯವು ಅಂಗವಿಕಲರದಲ್ಲ, ಸಂಘದ್ದು; ಅದಕ್ಕೆ ಚಿಕಿತ್ಸೆಯೂ ಸಂಘದ ಕೈಯಲ್ಲಿಯೇ ಇದೆ.